ಲಿಸ್ಬನ್ನಿನಿಂದ ಬಂದ ನಾಲ್ಕನೆಯ ಪತ್ರ

“ಸುತ್ತಿಗೆ ಲಿಸ್ಬನ್ನಿನದಲ್ಲ,” ಎಂದಳು ಇಂದುಮತಿ, ರಸ್ತೆಯಿಂದ ಕಣ್ಣು ತೆಗೆಯದೆ. “ಇನ್ನೊಂದ್ಸಲ ಓದಿ, ಸುಮಿತ್ರಕ್ಕ. ನಿಧಾನಕ್ಕೆ.”

ಪಕ್ಕದ ಸೀಟಿನಲ್ಲಿದ್ದ ಸುಮಿತ್ರವ್ವ ಕನ್ನಡಕವನ್ನು ಮೇಲೆ ತಳ್ಳಿಕೊಂಡರು. ತೊಡೆಯ ಮೇಲೆ ನಾಲ್ಕು ಹಾಳೆಗಳಿದ್ದವು. ಮಗಳು ನಿವೇದಿತಾ ಬದುಕಿದ್ದಾಳೆ ಎನ್ನುವುದಕ್ಕೆ ಕಳೆದ ಹದಿನೇಳು ದಿನಗಳಿಂದ ಆ ನಾಲ್ಕು ಈಮೇಲ್‌ಗಳನ್ನು ಬಿಟ್ಟರೆ ಬೇರೆ ಪುರಾವೆ ಇರಲಿಲ್ಲ. ಒಂದು ಫೋನ್ ಕೂಡ ಬಂದಿರಲಿಲ್ಲ.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಧಾರವಾಡದ ಕನ್ನಡ. ಸುಮಿತ್ರವ್ವ ಕೊನೆಯ ಹಾಳೆಯನ್ನು ಮತ್ತೆ ಓದಿದರು.

“‘ಅವ್ವಾ, ನಾ ಲಿಸ್ಬನ್‌ದಾಗ ಆರಾಮ ಅದೀನಿ. ಇಲ್ಲಿ ಅಂತೋಣಿ ಸಂತನ ಹಬ್ಬದಾಗ ಮಂದಿ ಪ್ಲಾಸ್ಟಿಕ್ ಸುತ್ತಿಗಿ ಹಿಡಕೊಂಡು ಎದುರು ಬಂದವರ ತಲಿಗೆ ಬಡೀತಾರ, ನಗತಾರ. ಊರು ಭಾಳ ಶಾಂತ ಐತಿ. ಪರದೇಶದವರು ಒಬ್ಬರೂ ಕಾಣಂಗಿಲ್ಲ. ನನ್ನ ಕಿಟಕಿ ಮುಂದ ಟ್ರಾಮು ಶನಿವಾರ ಮುಂಜಾನೆ ಒಮ್ಮೆ ಹೋಗತೈತಿ, ಸಂಜೀಕ ಒಮ್ಮೆ ಹೊಳ್ಳಿ ಬರತೈತಿ. ಇನ್ನೊಂದೀಟು ದಿನ ಇದ್ದು ಬರತೇನಿ. ಚಿಂತಿ ಮಾಡಬ್ಯಾಡ. ಇಂದುಮತಿ ಆಂಟಿಗೆ ಈ ಪತ್ರ ತೋರಿಸು, ಅವರಿಗೆ ಖುಷಿ ಆಗತೈತಿ.’”

ಹಾಳೆ ಮಡಚಿ ಸುಮಿತ್ರವ್ವ ಕೇಳಿದರು: “ಖುಷಿ ಆತೇನ್ರಿ, ಬಾಯಾರ?”

ಊರಿನ ಕಡೆ ಟೀಚರಮ್ಮನನ್ನು ಕರೆಯುವ ಹಾಗೆ ಅವರು ಇಂದುಮತಿಯನ್ನು ಬಾಯಾರ ಎಂದೇ ಕರೆಯುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಸಂಚಾರ ಟ್ರಾವೆಲ್ಸ್ ತೆರೆಯುವ ಮೊದಲು ಇಂದುಮತಿ ಹನ್ನೊಂದು ವರ್ಷ ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೂಗೋಳ ಹೇಳಿದವಳು.

“ಆಯ್ತು,” ಎಂದಳು ಇಂದುಮತಿ. “ಕಳ್ಳ ಸಿಕ್ಕಿಬಿದ್ದ ಅಂತ ಖುಷಿ ಆಯ್ತು.”

ನಿವೇದಿತಾ ಲಿಸ್ಬನ್ನಿಗೆ ಹೋಗಿದ್ದಾಳೆಂದು ಹೇಳಿದವನು ಅವಳ ಗಂಡ ಚಿದಾನಂದ್. ಅವನು ಹೆಸರಿಸಿದ ವಸತಿಗೃಹಕ್ಕೆ ಇಂದುಮತಿ ನಿನ್ನೆ ಫೋನ್ ಮಾಡಿದಾಗ, ಆ ಹೆಸರಿನವರು ಬಂದೇ ಇಲ್ಲ ಎಂದಿದ್ದರು. ಅದಕ್ಕೇ ಈ ಶನಿವಾರ ಬೆಳಿಗ್ಗೆ ಹ್ಯೂಸ್ಟನ್ ಬಿಟ್ಟು ಇಬ್ಬರೂ ಅವನಿದ್ದ, ಡಲ್ಲಾಸ್ ಪಕ್ಕದ ಫ್ರಿಸ್ಕೋ ಕಡೆ ಹೊರಟಿದ್ದರು.

“ಸುತ್ತಿಗೆಯಿಂದ ಕಳ್ಳ ಹೆಂಗ ಸಿಗತಾನ್ರಿ?”

“ನಮ್ಮ ಬ್ರೋಷರ್ ನೋಡಿದೀರಲ್ಲ?”

ನೋಡಿದ್ದರು. ಹ್ಯೂಸ್ಟನ್ನಿನ ಕನ್ನಡಿಗರ ಮನೆಗಳಲ್ಲಿ ಅದನ್ನು ನೋಡದವರು ಕಡಿಮೆ. ಹನ್ನೆರಡು ದಿನಗಳಲ್ಲಿ ಎಂಟು ದೇಶ ತೋರಿಸುವ ಬಸ್ ಪ್ರವಾಸವನ್ನು ಇಂದುಮತಿ ಮಾರುತ್ತಿರಲಿಲ್ಲ. ಒಂದು ಊರು, ಐದು ರಾತ್ರಿ, ಸರಿಯಾದ ತಾರೀಕು. ಫೆಬ್ರವರಿಯಲ್ಲಿ ಮುಖವಾಡಗಳ ವೆನಿಸ್. ಮಾರ್ಚ್‌ನಲ್ಲಿ ಮನೆಯೆತ್ತರದ ಗೊಂಬೆಗಳನ್ನು ನಡುಬೀದಿಯಲ್ಲಿ ಸುಡುವ ವೆಲೆನ್ಸಿಯಾ. ಈಸ್ಟರ್ ವಾರದಲ್ಲಿ ಸೆವಿಲ್, ಜೂನ್‌ನಲ್ಲಿ ಲಿಸ್ಬನ್, ಜುಲೈನಲ್ಲಿ ಕುದುರೆ ಓಟದ ಸಿಯೆನಾ. ಊರನ್ನು ಅದರ ಹಬ್ಬದ ದಿನ ನೋಡಬೇಕು, ಉಳಿದ ದಿನ ಫೋಟೋ ನೋಡಿದರೆ ಸಾಕು ಎನ್ನುವುದು ಅವಳ ಮಾತು. ಹದಿನಾರು ಪುಟಗಳ ಬ್ರೋಷರನ್ನು ಅವಳೇ ಕೂತು ಕನ್ನಡದಲ್ಲಿ ಬರೆದಿದ್ದಳು.

“ಮಾರ್ಚ್‌ನಲ್ಲಿ ಮೊದಲನೇ ಸಲ ಅಚ್ಚಾದಾಗ ಒಂದು ಎಡವಟ್ಟಾಯ್ತು,” ಎಂದಳು. “ಸುತ್ತಿಗೆಯಿಂದ ತಲೆಗೆ ಮೊಟಕೋದು ಅದೇ ದೇಶದ ಪೋರ್ಟೋ ಊರಿನ ಹಬ್ಬ, ಜೂನ್ ಇಪ್ಪತ್ಮೂರಕ್ಕೆ. ಲಿಸ್ಬನ್ನಿನದು ಹನ್ನೆರಡಕ್ಕೆ. ಪ್ರೆಸ್‌ನೋರು ಪೋರ್ಟೋ ಸಾಲನ್ನ ಲಿಸ್ಬನ್ ಕೆಳಗೆ ಕೂರಿಸಿಬಿಟ್ರು. ಹಳದಿ ರಟ್ಟಿನ ಆ ಪ್ರತಿಗಳು ಹೋಗಿದ್ದು ಒಂದೇ ಕಡೆ, ಡಲ್ಲಾಸ್‌ನ ಯುಗಾದಿ ಊಟಕ್ಕೆ. ಮಿಕ್ಕಿದ್ದನ್ನ ಎಸೆದು, ತಿದ್ದಿ, ಹಸಿರು ರಟ್ಟು ಹಾಕಿಸಿದೆ.”

“ಅಂದ್ರ ಈ ಪತ್ರ ಬರದವರ ಕೈಯಾಗ ಹಳದಿ ಪುಸ್ತಕ ಐತಿ.”

“ಡಲ್ಲಾಸ್‌ನ ಹಳದಿ ಪುಸ್ತಕ.”

ಸುಮಿತ್ರವ್ವ ಹಾಳೆಗಳನ್ನು ಚೀಲಕ್ಕೆ ಹಾಕಿದರು. ಗಂಡ ಶಿವಪುತ್ರಪ್ಪ ತೀರಿಕೊಂಡ ಮೇಲೆ ಅವರು ಕಲ್ಲಿನ ವ್ಯಾಪಾರವನ್ನು ಒಂಟಿಯಾಗಿ ನಡೆಸಿದವರು. ಇಳಕಲ್ಲಿನ ಕೆಂಪು ಗ್ರಾನೈಟನ್ನು ಹ್ಯೂಸ್ಟನ್ನಿನ ಅಡುಗೆಕಟ್ಟೆಗಳಿಗೆ ಕೂರಿಸಿದವರು. ಸುಲಭಕ್ಕೆ ಕಣ್ಣೀರು ಹಾಕುವವರಲ್ಲ.

“ನಾ ಚಿದಾನಂದನ್ನ ಒಳ್ಳೆಯಾಂವ ಅನ್ಕೊಂಡಿದ್ದೆ, ಬಾಯಾರ,” ಎಂದಷ್ಟೇ ಹೇಳಿದರು.

ಕೋರ್ಸಿಕಾನಾದ ಹತ್ತಿರ ಕಾರು ನಿಲ್ಲಿಸಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಗಂಟೆ ಹನ್ನೊಂದಾಗಿತ್ತು. ಸುಮಿತ್ರವ್ವ ಸೆಲ್ ಫೋನ್ ತೆಗೆದು ಮಗನಿಗೆ ಮಾಡಿದರು. ನಿವೇದಿತಾಳ ಅಣ್ಣ ದಾನಪ್ಪ ಆಸ್ಟಿನ್ನಿನಲ್ಲಿ ಚಿಪ್ ಕಂಪನಿಯೊಂದರ ಇಂಜಿನಿಯರ್. ಆಫೀಸಿನಲ್ಲಿ ಅವನನ್ನು ಡ್ಯಾನ್ ಎನ್ನುತ್ತಿದ್ದರು.

“ಬಾಯಾರ ಜೋಡಿ ಫ್ರಿಸ್ಕೋಕ್ಕ ಹೊಂಟೀನಪಾ... ಹೂಂ, ಪತ್ರ ತಗೊಂಡ... ಯಾಕ ಬ್ಯಾಡ?... ಏನಾತು ನಿನಗ?”

ಫೋನ್ ಮಡಚಿದರು. “ಹೋಗಬ್ಯಾಡ ಅಂತಾನ್ರಿ. ತಾ ಈಗ ಹೊಂಡತಾನಂತ, ತಾ ಬರೂತನಾ ನಾವು ಆ ಮನಿ ಬಾಗಲಾ ತುಳೀಬಾರದಂತ.”

“ತಂಗಿ ಕಾಣಿಸ್ತಿಲ್ಲ ಅಂದಾಗ ದಾನಪ್ಪ ಏನಂದಿದ್ರು?”

“ಅಕಿ ಆರಾಮ ಇರತಾಳ, ಬಿಡು ಅವ್ವಾ ಅಂತ ದಿನಾ ಒಂದ ಮಾತು.”

ತಂಗಿ ಕಾಣೆಯಾದರೆ ಅಣ್ಣನಾದವನು ಅಷ್ಟು ಆರಾಮಾಗಿರುವುದು ಇಂದುಮತಿಗೆ ಸರಿ ಕಾಣಲಿಲ್ಲ. ಆದರೆ ಆ ಹೊತ್ತಿಗೆ ಅವಳ ಮನಸ್ಸು ಫ್ರಿಸ್ಕೋ ಮುಟ್ಟಿಯಾಗಿತ್ತು.

“ಕಾಯೋದು ಬೇಡ,” ಎಂದು ಕಾರಿಗೆ ಚಾವಿ ತಿರುಗಿಸಿದಳು.

ಫ್ರಿಸ್ಕೋದ ಆ ಬಡಾವಣೆ ಎಷ್ಟು ಹೊಸದೆಂದರೆ ಪ್ರಿಂಟ್ ತೆಗೆದುಕೊಂಡು ಬಂದಿದ್ದ ನಕ್ಷೆಯಲ್ಲಿ ಬೀದಿಯೇ ಇರಲಿಲ್ಲ. ಒಂದೇ ಅಚ್ಚಿನ ಇಟ್ಟಿಗೆ ಮನೆಗಳು, ಊರುಗೋಲು ಕಟ್ಟಿದ ಎಳೆಯ ಮರಗಳು. ಎರಡು ಸಲ ಸುತ್ತು ಹಾಕಿದ ಮೇಲೆ ಮನೆ ಸಿಕ್ಕಿತು. ಗರಾಜ್ ಬಾಗಿಲು ತೆರೆದಿತ್ತು. ಇಂದುಮತಿ ಒಳಗೆ ಒಮ್ಮೆ ಕಣ್ಣಾಡಿಸಿ, ಬೀದಿಯಂಚಿನಲ್ಲಿ ಕಾರು ನಿಲ್ಲಿಸಿದಳು.

“ಬರ್ರಿ ಅತ್ತೀ. ಬರ್ರಿ ಆಂಟಿ,” ಎಂದು ಚಿದಾನಂದ್ ಬಾಗಿಲಲ್ಲೇ ಕೈಮುಗಿದ.

ಮೂವತ್ತಾರರ, ತೆಳ್ಳಗಿನ, ಮಾತಿಗೆ ಮೊದಲು ಮುಗುಳ್ನಗುವ ಮನುಷ್ಯ. ರಿಚರ್ಡ್‌ಸನ್‌ನ ಟೆಲಿಕಾಂ ಕಂಪನಿಯಲ್ಲಿ ಮ್ಯಾನೇಜರ್. ಸ್ಟೀಲ್ ಲೋಟಗಳಲ್ಲಿ ನೀರು ತಂದಿಟ್ಟು, ಗರಾಜ್ ಬಾಗಿಲನ್ನು ಗುಂಡಿ ಒತ್ತಿ ಮುಚ್ಚಿ ಬಂದು ಕೂತ. ಅಡುಗೆಮನೆಯಲ್ಲಿ ಒಂದು ಚಮಚ ಕೂಡ ಹೊರಗಿರಲಿಲ್ಲ.

“ನಿವೇದಿತಾನ ಏರ್‌ಪೋರ್ಟಿಗೆ ಯಾರು ಬಿಟ್ಟು ಬಂದ್ರು?” ಇಂದುಮತಿ ಸುತ್ತಿಬಳಸಲಿಲ್ಲ.

“ನಾನ ಬಿಟ್ಟು ಬಂದೆ. ಒಂಬತ್ತನೇ ತಾರೀಖು, ಮಧ್ಯಾಹ್ನ.”

“ಗರಾಜ್‌ನಲ್ಲಿ ಎರಡು ಕಾರಿನ ಜಾಗ ಇದೆ. ಇರೋದು ಒಂದೇ ಕಾರು. ಅವಳ ಕಾರು ಎಲ್ಲಿ?”

ಚಿದಾನಂದನ ಮುಗುಳ್ನಗೆ ಒಂದು ಗಳಿಗೆ ತಡವಾಗಿ ಬಂತು. “ಸರ್ವಿಸಿಗೆ ಕೊಟ್ಟೀನ್ರಿ.”

“ಹದಿನೇಳು ದಿನದಿಂದ?”

ಅವನು ಲೋಟವನ್ನು ಅರ್ಧ ಇಂಚು ಸರಿಸಿದ. ಇಂದುಮತಿ ಹಾಳೆಗಳನ್ನು ಟೀಪಾಯಿಯ ಮೇಲೆ ಹರಡಿದಳು.

“ಎರಡನೇ ಪತ್ರ. ಜೂನ್ ಹದಿಮೂರು. ‘ಬೀದಿಬೀದಿಯಲ್ಲೂ ಕಾಮಕಸ್ತೂರಿಯ ಪರಿಮಳ, ಕಿಟಕಿಕಿಟಕಿಗೂ ಬಣ್ಣದ ಕಾಗದದ ತೋರಣ.’ ಈ ವಾಕ್ಯ ನನಗೆ ಚೆನ್ನಾಗಿ ಗೊತ್ತು, ಚಿದಾನಂದ್. ಬರೆದವಳು ನಾನೇ.”

“ಆಕಿ ನಿಮ್ಮ ಬ್ರೋಷರ್ ನೋಡಿ ಬರದಿರಬೇಕು.”

“ಲಿಸ್ಬನ್ನಿನಲ್ಲಿ ನಿಂತುಕೊಂಡು? ಆ ಹಬ್ಬದ ದಿನ ಹಳೇ ಬೀದಿಗಳಲ್ಲಿ ಮನೆಮನೆ ಮುಂದೆ ಕೆಂಡದ ಮೇಲೆ ಮೀನು ಸುಡ್ತಾರೆ. ಊರಿಗೆ ಊರೇ ಹೊಗೆ. ಕನ್ನಡದ ಗಿರಾಕಿಗಳು ಗಾಬರಿ ಬೀಳ್ತಾರೆ ಅಂತ ನಾನು ಬ್ರೋಷರ್‌ನಲ್ಲಿ ಮೀನಿನ ಸುದ್ದಿ ಎತ್ತಲಿಲ್ಲ, ಕಾಮಕಸ್ತೂರಿ ಕುಂಡ ಮಾರೋದನ್ನ ಮಾತ್ರ ಬರೆದೆ.”

ಸುಮಿತ್ರವ್ವ ಬಾಯಿ ತೆರೆದರು. “ಮೀನದ ವಾಸನಿ ಬಂದ್ರ ನಮ್ಮ ನಿವಿ ಊಟಾ ಬಿಟ್ಟು ಏಳತಾಳ. ಅಕಿ ಅಲ್ಲಿ ಇದ್ದಿದ್ರ ಮೊದಲ ಸಾಲಿನಾಗ ಅದನ್ನ ಬರೀತಿದ್ಲು.”

“ಇನ್ನೊಂದು,” ಎಂದಳು ಇಂದುಮತಿ. “ಈ ಜೂನ್ ತುಂಬ ಪೋರ್ಚುಗಲ್‌ನಲ್ಲಿ ಯೂರೋಪಿನ ಫುಟ್‌ಬಾಲ್ ಪಂದ್ಯಾವಳಿ. ಹದಿಮೂರಕ್ಕೆ ಲಿಸ್ಬನ್ನಿನಲ್ಲೇ ಇಂಗ್ಲೆಂಡಿಗೂ ಫ್ರಾನ್ಸಿಗೂ ಆಟ. ಊರಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಮೇ ತಿಂಗಳಲ್ಲಿ ನಿವೇದಿತಾ ನನ್ನ ಆಫೀಸಿಗೆ ಬಂದು ಕೇಳಿದಾಗ ನಾನೇ ಹೇಳಿದ್ದೆ, ಈ ವರ್ಷ ಬೇಡ, ರೂಮು ಸಿಗಲ್ಲ, ಮುಂದಿನ ಜೂನ್‌ನಲ್ಲಿ ಹೋಗು ಅಂತ. ಈ ಪತ್ರಗಳಲ್ಲಿ ಒಂದೇ ಒಂದು ಕಡೆ ಫುಟ್‌ಬಾಲ್ ಅನ್ನೋ ಮಾತು ತೋರಿಸಿ.”

ಚಿದಾನಂದ್ ಹಾಳೆಗಳನ್ನು ಮುಟ್ಟಲಿಲ್ಲ.

“ಆಟದ ಸುದ್ದಿ ನಾ ನೋಡಂಗಿಲ್ಲ,” ಎಂದ ಕೊನೆಗೆ, ತಲೆ ತಗ್ಗಿಸಿ. “ಹೌದ್ರಿ. ನಾನ ಬರದೆ.”

ಸುಮಿತ್ರವ್ವ ಎದ್ದು ನಿಂತರು. “ನನ್ನ ಮಗಳೆಲ್ಲಿ?”

“ಕೂಡ್ರಿ ಅತ್ತೀ. ನನಗ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ.” ಅವನು ಮುಖ ಒರೆಸಿಕೊಂಡ. “ಒಂಬತ್ತನೇ ತಾರೀಖು ಆಫೀಸಿನಿಂದ ಬಂದ ಮ್ಯಾಲೆ ಹೇಳಿದ್ಲು, ಹತ್ತು ದಿನ ನನ್ನ ಬಿಟ್ಟುಬಿಡು, ಹುಡುಕಬ್ಯಾಡ, ಅವ್ವಗ ಲಿಸ್ಬನ್‌ಕ್ಕ ಹೋಗ್ಯಾಳ ಅಂತ ಹೇಳು. ಕಾರ್ ತಗೊಂಡು ಹೋದ್ಲು. ಹುಡುಕಬ್ಯಾಡ ಅಂದ್ಲು, ನಾ ಹುಡುಕಲಿಲ್ಲ. ಹೆಂಡತಿ ಬಿಟ್ಟುಹೋದ್ಲು ಅಂತ ಯಾರ ಮುಂದ ಹೇಳ್ಲಿ? ಮರ್ಯಾದಿ ಪ್ರಶ್ನೆ. ಆಕಿ ಪಾಸ್‌ವರ್ಡ್ ನನ್ನ ಹತ್ರ ಇತ್ತು. ಬರದೆ.”

“ಪಾಸ್‌ಪೋರ್ಟ್?”

ಅವನು ಎದ್ದು ಮೂಲೆಯ ಮೇಜಿನ ಹತ್ತಿರ ಹೋದ. ಜೇಬಿನಿಂದ ಚಾವಿಗೊಂಚಲು ತೆಗೆದು, ಚಿಕ್ಕದೊಂದು ಚಾವಿಯಿಂದ ಡ್ರಾ ತೆರೆದು, ನಿವೇದಿತಾಳ ಪಾಸ್‌ಪೋರ್ಟನ್ನು ತಂದು ಇಂದುಮತಿಯ ಕೈಗಿಟ್ಟ. ಅಮೆರಿಕದ ವೀಸಾ, ಬಂದಿಳಿದ ಮುದ್ರೆ ಬಿಟ್ಟರೆ ಉಳಿದ ಪುಟಗಳು ಖಾಲಿ. ಅವಳು ದೇಶ ಬಿಟ್ಟು ಹೋಗಿರಲಿಲ್ಲ.

ಇಂದುಮತಿಗೆ ಅವನ ಮೇಲೆ ಅರ್ಧ ಕನಿಕರವೇ ಹುಟ್ಟಿತು. ಮರ್ಯಾದೆಗೆ ಅಂಜಿ ಸುಳ್ಳು ಹೇಳುವ ಗಂಡಸರನ್ನು ಅವಳು ಬೇಕಾದಷ್ಟು ನೋಡಿದ್ದಳು.

“ನಾಲ್ಕೂ ಪತ್ರ ನೀವೇ ಬರೆದ್ರಿ ಅಂತಾಯ್ತು.”

“ಮೂರು,” ಎಂದ ಚಿದಾನಂದ್.

“ಏನು?”

“ಹನ್ನೊಂದು, ಹದಿಮೂರು, ಹದಿನಾರು. ಈ ಮೂರು ನಂದು. ಹತ್ತೊಂಬತ್ತರದು ನಂದಲ್ಲ. ಆಕಿನ ಕಳಿಸ್ಯಾಳ ಅನ್ಕೊಂಡೆ. ಅವ್ವಗ ಬರದ್ಲು, ನನಗ ಒಂದಕ್ಷರ ಬರೀಲಿಲ್ಲ ಅಂತ ಸಿಟ್ಟೂ ಬಂತು.”

“ಸುಳ್ಳು. ಅದರಲ್ಲಿ ಸುತ್ತಿಗೆ ಇದೆ.”

“ಸುತ್ತಿಗಿ ಇದ್ರ ಏನಾತ್ರಿ?”

ಅವನ ಕಣ್ಣಲ್ಲಿದ್ದದ್ದು ನಟನೆಯಲ್ಲ. ನಿಜವಾದ ಗೊಂದಲ. ಇಂದುಮತಿ ಎದ್ದು ನಿಂತಳು.

“ನೀವು ನೋಡಿ ಬರೆದ ಬ್ರೋಷರ್ ತನ್ನಿ.”

ಅದೇ ಡ್ರಾದಿಂದ ಅವನು ಬ್ರೋಷರ್ ತಂದ. ರಟ್ಟು ಹಸಿರು. ಮೇ ತಿಂಗಳಲ್ಲಿ ಇಂದುಮತಿ ನಿವೇದಿತಾಳ ಕೈಗೆ ಕೊಟ್ಟಿದ್ದ ಪ್ರತಿಯೇ. ಮೂಲೆಯಲ್ಲಿ ಅವಳೇ ಬರೆದುಕೊಟ್ಟ ಫೋನ್ ನಂಬರಿತ್ತು. ಲಿಸ್ಬನ್ ಪುಟ ತೆರೆದಳು. ಕಾಮಕಸ್ತೂರಿ ಇತ್ತು, ತೋರಣ ಇತ್ತು. ಸುತ್ತಿಗೆ ಇರಲಿಲ್ಲ.

“ಯುಗಾದಿ ಊಟಕ್ಕೆ ಹೋಗಿದ್ರಾ?”

“ಇಲ್ರಿ. ಆ ವಾರ ನಾವು ಎಲ್ಲೂ ಹೋಗಲಿಲ್ಲ. ಈ ಮನ್ಯಾಗ ಇರೂದು ಇದೊಂದ ಪುಸ್ತಕ.”

ಐದು ಗಂಟೆ ಕಾರು ಓಡಿಸುತ್ತ ಇಂದುಮತಿ ಕಟ್ಟಿಕೊಂಡು ಬಂದಿದ್ದ ಲೆಕ್ಕಾಚಾರದ ಬುಡವೇ ಅಲುಗಿತು. ಹಸಿರು ಪುಸ್ತಕ ನೋಡಿ ಬರೆಯುವವನಿಗೆ ಲಿಸ್ಬನ್ನಿನಲ್ಲಿ ಸುತ್ತಿಗೆ ಸಿಗುವುದಿಲ್ಲ.

ಅವಳು ಕಿಟಕಿಯ ಹತ್ತಿರ ಹೋಗಿ ನಿಂತಳು. ಮೇ ತಿಂಗಳ ಆ ಮಧ್ಯಾಹ್ನ ನೆನಪಿಗೆ ಬಂತು. ನಿವೇದಿತಾ ಎದುರಿನ ಕುರ್ಚಿಯಲ್ಲಿ ಕೂತಿದ್ದಳು, ಆ ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ಅಚ್ಚಿನ ಎಡವಟ್ಟಿನ ಕಥೆ ಹೇಳಿದಾಗ ಆ ಹುಡುಗಿ ನಕ್ಕಿದ್ದಳು. ಒಂದು ಗಂಟೆಯ ಮಾತಿನಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ. “ಹಂಗಾರ ಲಿಸ್ಬನ್‌ದಾಗ ಯಾರರೆ ಸುತ್ತಿಗಿ ತಂದ್ರ, ಅವರು ಖರೇನ ಲಿಸ್ಬನ್ ನೋಡಿಲ್ಲ ಅಂತ ತಿಳೀಬೇಕು ಅಲ್ರಿ ಆಂಟಿ?” ಎಂದಿದ್ದಳು.

ಇಂದುಮತಿ ತಿರುಗಿದಳು. ಮುಖದಲ್ಲಿ ಬೆಳಗಿನ ಧೈರ್ಯ ಇಮ್ಮಡಿಯಾಗಿ ವಾಪಸ್ ಬಂದಿತ್ತು.

“ಈ ಪತ್ರ ನಿವೇದಿತಾನೇ ಬರೆದಿದಾಳೆ. ಸುತ್ತಿಗೆ ಅಚ್ಚಿನ ತಪ್ಪಲ್ಲ, ಬೇಕಂತಲೇ ಹಾಕಿದ್ದು. ಅದು ತಪ್ಪು ಅಂತ ಗೊತ್ತಿರೋದು ಅವಳಿಗೆ ಮತ್ತು ನನಗೆ. ಅದಕ್ಕೇ ‘ಇಂದುಮತಿ ಆಂಟಿಗೆ ತೋರಿಸು’ ಅಂದಿದಾಳೆ. ‘ನಾನು ಲಿಸ್ಬನ್ನಿನಲ್ಲಿಲ್ಲ’ ಅಂತ ನನಗೆ ಹೇಳ್ತಿದಾಳೆ, ಸುಮಿತ್ರಕ್ಕ!”

ಸುಮಿತ್ರವ್ವ ಹಾಳೆಯನ್ನು ಎದೆಗೊತ್ತಿಕೊಂಡರು. “ಅಂದ್ರ ಅಕಿ ಬದುಕ್ಯಾಳ.”

“ಹೋದ ಶನಿವಾರ ಬದುಕಿದ್ದಳು. ಬರೆಯೋಕೆ ಕಂಪ್ಯೂಟರ್ ಇತ್ತು.”

“ಎಲ್ಲಿ ಇರಬಹುದ್ರಿ, ಆಂಟಿ?” ಚಿದಾನಂದ್ ಕುರ್ಚಿಯ ಅಂಚಿಗೆ ಸರಿದಿದ್ದ. ಅವನ ಗಮನವೆಲ್ಲ ಇಂದುಮತಿಯ ಬಾಯಿಯ ಮೇಲೆ. ಮೊದಲ ಬೆಂಚಿನ ವಿದ್ಯಾರ್ಥಿ ಪ್ರಶ್ನೆ ಕೇಳಿದಂತೆ ಅವಳಿಗೆ ಹುರುಪು ಬಂತು.

“ಒಂದು ತಪ್ಪು ಬೇಕಂತ ಮಾಡಿದ್ರೆ ಮಿಕ್ಕ ತಪ್ಪುಗಳೂ ಬೇಕಂತಲೇ ಇರಬೇಕು. ‘ಊರು ಶಾಂತ, ಪರದೇಶದವರು ಒಬ್ಬರೂ ಇಲ್ಲ.’ ಫುಟ್‌ಬಾಲಿನ ವಿಷಯ ನಾನೇ ಹೇಳಿದ್ದೆ, ಗೊತ್ತಿದ್ದೂ ಬರೆದಿದಾಳೆ. ಆಮೇಲೆ ಟ್ರಾಮು. ಲಿಸ್ಬನ್ನಿನ ಟ್ರಾಮು ದಿನವಿಡೀ ಹತ್ತು ನಿಮಿಷಕ್ಕೊಂದು ಹೋಗುತ್ತೆ. ಇವಳದು ಶನಿವಾರ ಬೆಳಿಗ್ಗೆ ಒಂದು ಸಲ ಹೋಗಿ, ಸಂಜೆ ಒಂದು ಸಲ ವಾಪಸ್ ಬರುತ್ತೆ.” ಅವಳು ಕಣ್ಣು ಮುಚ್ಚಿ ನಕ್ಷೆಯೊಂದನ್ನು ಮನಸ್ಸಿನಲ್ಲಿ ಬಿಡಿಸಿಕೊಂಡಳು. “ಟೆಕ್ಸಾಸಿನಲ್ಲಿ ಅಂಥದ್ದು ಒಂದು ಇದೆ. ವಿಹಾರದ ರೈಲು, ಹಳೇ ಕಾಲದ ಬೋಗಿಗಳು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿ ಹೊರಟು ಬರ್ನೆಟ್‌ಗೆ ಹೋಗಿ ಸಂಜೆ ಬರುತ್ತೆ. ಎಷ್ಟೋ ಜನಕ್ಕೆ ಟಿಕೆಟ್ ಮಾಡಿಸಿಕೊಟ್ಟಿದೀನಿ. ಸೀಡರ್ ಪಾರ್ಕ್ ದಾಟಿದ್ರೆ ಲಿಯಾಂಡರ್, ಅದಾದ ಮೇಲೆ ಬರೀ ಬಯಲು.”

“ಲಿಯಾಂಡರಾ?” ಎಂದರು ಸುಮಿತ್ರವ್ವ.

“ಅಲ್ಲಿ ಯಾರಾದರೂ ಗೊತ್ತಾ?”

“ನಮ್ಮ ದಾನಪ್ಪ ಅಲ್ಲಿ ಹೊಸಾ ಮನಿ ತಗೊಂಡಾನ್ರಿ. ಶ್ರಾವಣದಾಗ ಗೃಹಪ್ರವೇಶ, ಅಲ್ಲೀತನಾ ಯಾರ ಮುಂದೂ ಅನಬ್ಯಾಡ ಅಂದಿದ್ದ. ಹಾಲು ಉಕ್ಕಿಸಾಕ ನಾ ಒಬ್ಬಾಕಿನ ಹೋಗಿದ್ದೆ. ಹಿತ್ತಲಕ್ಕ ಹಚ್ಚಿ ರೈಲಿನ ಹಳಿ ಐತಿ. ಆ ಸಾಲಿನಾಗ ಕೆಂಪು ಕಲ್ಲಿನ ಮೆಟ್ಟಲ ಇರೂದು ಅದೊಂದ ಮನಿಗೆ, ಇಳಕಲ್ಲಿಂದ ನಾನ ತರಿಸಿ ಕೊಟ್ಟ...”

ಮಾತು ಅಲ್ಲೇ ನಿಂತಿತು. ತಾನು ಏನು ಹೇಳುತ್ತಿದ್ದೇನೆಂದು ಅವರಿಗೆ ಆಗ ಹೊಳೆಯಿತು. ಅವರು ಕುರ್ಚಿಯ ತೋಳು ಹಿಡಿದು ಕೂತರು.

“ನನ್ನ ಮಗಾನ?” ಎಂದರು ಮೆಲ್ಲಗೆ. “ದಿನಾ ಆರಾಮ ಇರತಾಳ ಅಂತಿದ್ದ. ನನ್ನ ಮಗಾನ ಅಕಿನ್ನ...”

ಇಂದುಮತಿ ಅವರ ಹೆಗಲ ಮೇಲೆ ಕೈಯಿಟ್ಟಳು. ದಾನಪ್ಪ ಫ್ರಿಸ್ಕೋಗೆ ಹೋಗಬೇಡವೆಂದು ಹೇಳಿದ್ದು ಏಕೆಂದು ಈಗ ತಿಳಿಯಿತು ಎಂದುಕೊಂಡಳು.

“ಆ ಮನಿ ನನಗ ಗೊತ್ತ ಇರಲಿಲ್ಲ,” ಎಂದ ಚಿದಾನಂದ್. ದನಿ ತೀರ ಮೆತ್ತಗಿತ್ತು. “ದಾನಪ್ಪನ ಆಸ್ಟಿನ್ನಿನ ಅಪಾರ್ಟ್‌ಮೆಂಟಿಗೆ ಮೂರು ಸಲ ಹೋಗಿ ಬಂದೆ. ಲಿಯಾಂಡರ್ ಅಂತ ನನ್ನ ತಲ್ಯಾಗ ಬರಲೇ ಇಲ್ಲ.” ಅವನು ಎದ್ದ. “ತಡಾ ಮಾಡೂದು ಬ್ಯಾಡ. ನನ್ನ ಕಾರ್ ತಗೊಂಡ ಎಲ್ಲಾರೂ ಹೋಗೂಣು. ನೀವು ನೀರು ಕುಡದು ಬರ್ರಿ, ನಾ ಕಾರ್ ಹೊರಗ ತಗೀತೇನಿ.”

ಅವನು ಗರಾಜ್ ಕಡೆ ಹೋದ. ಇಂದುಮತಿ ಹಾಳೆಗಳನ್ನು ಜೋಡಿಸಿಕೊಂಡಳು. ಮೂರನೆಯ ಹಾಳೆಯ ಹೊತ್ತಿಗೆ ಅವನ ಮಾತು ನೆನಪಾಗಿ ಅವಳ ಕೈ ನಿಂತಿತು.

ಮೂರು ಸಲ ಹೋಗಿ ಬಂದೆ.

ಹುಡುಕಬೇಡ ಅಂದಳು, ಹುಡುಕಲಿಲ್ಲ ಎಂದವನು ಅರ್ಧ ಗಂಟೆಯ ಹಿಂದೆ ಇವನೇ. ಹೆಂಡತಿಯ ಪಾಸ್‌ಪೋರ್ಟ್ ಬೀಗ ಹಾಕಿದ ಡ್ರಾದಲ್ಲಿತ್ತು. ಆ ಚಾವಿ ಅವನ ಜೇಬಿನಲ್ಲಿತ್ತು. ಮೇ ತಿಂಗಳ ಸೆಕೆಯಲ್ಲಿ ಉದ್ದ ತೋಳಿನ ಅಂಗಿ.

ಸುಮಿತ್ರವ್ವನವರ ಫೋನ್ ಬಡಿದುಕೊಂಡಿತು. ಆಸ್ಟಿನ್ ಕಡೆಯ ನಂಬರು.

“ದಾನಪ್ಪಾ?” ಎಂದರು ಸುಮಿತ್ರವ್ವ.

ಆ ಕಡೆಯ ದನಿ ಇಂದುಮತಿಗೂ ಕೇಳುವಷ್ಟು ಜೋರಾಗಿತ್ತು. ಅದು ಗಂಡಸಿನ ದನಿಯಲ್ಲ.

“ಅವ್ವಾ, ನಾನು. ನಿವಿ. ನೀ ಎಲ್ಲಿದ್ದಿ? ಆ ಮನಿಗೆ ಹೋಗಿಲ್ಲ ಅಲ್ಲಾ?”

“ನಿವೀ! ಅಣ್ಣ ನಿನ್ನ ಏನ ಮಾಡಿದ? ಕೂಡಿ ಹಾಕ್ಯಾನೇನು?”

“ಕೂಡಿ ಹಾಕಿಲ್ಲವ್ವಾ, ಬಚ್ಚಿಟ್ಟಾನ. ಚಿದಾನಂದನ ಕೈಯಾಗಿಂದ. ಎರಡು ವರ್ಷದಿಂದ ಎಷ್ಟ ಬಡದಾನ, ನಿನ್ನ ಮುಂದ ಹೆಂಗ ಹೇಳ್ಲಿ? ಹೇಳಿದ್ರ ನೀ ಅಂವಗ ಫೋನ್ ಹಚ್ಚಿ ಬೈತಿದ್ದಿ, ಅಂವ ಹಾದಿ ಹುಡುಕತಿದ್ದ. ಅಂವ ನನ್ನ ಹತ್ರ ಬರಬಾರದಂತ ಸೋಮವಾರ ಕೋರ್ಟಿನ ಆರ್ಡರ್ ಬರತೈತಿ, ಅಲ್ಲೀತನಾ ಯಾರಿಗೂ ಫೋನ್ ಮಾಡಬ್ಯಾಡ ಅಂದಿದ್ದ ಅಣ್ಣ. ನನ್ನ ಮೇಲ್ ಎಲ್ಲಾ ಚಿದಾನಂದ ಓದತಾನ. ಅದಕ್ಕ ಅಂವಗ ತಿಳೀಲಾರದಂಗ, ಆಂಟಿಗೆ ಅಷ್ಟ ತಿಳಿಯೂ ಹಂಗ ಬರದೆ. ಆಂಟಿ ಬರತಾರ ಅಂತ ಕಾದೆ.”

ಇಂದುಮತಿ ಫೋನನ್ನು ಬಹುತೇಕ ಕಿತ್ತುಕೊಂಡಳು. “ನಿವೇದಿತಾ, ದಾನಪ್ಪಂಗೆ ಫೋನ್ ಕೊಡು.”

“ಅಣ್ಣ ಇಲ್ರಿ ಆಂಟಿ. ಅವ್ವನ ಫೋನ್ ಬಂದ ಕೂಡಲೇ ಫ್ರಿಸ್ಕೋಕ್ಕ ಹೊಂಟಾನ, ಹನ್ನೊಂದಕ್ಕ. ಅಂವನ ಸೆಲ್ ಹತ್ತವಲ್ದು. ನಾನೊಬ್ಬಾಕಿನ ಅದೀನಿ.”

ಗರಾಜ್ ಬಾಗಿಲು ಗಡಗಡ ಸದ್ದು ಮಾಡುತ್ತ ಮೇಲಕ್ಕೆದ್ದಿತು.

ಇಂದುಮತಿ ಫೋನ್ ಹಿಡಿದೇ ಹೊರಗೆ ಓಡಿದಳು. ಚಿದಾನಂದ್ ಕಾರು ನಿಲ್ಲಿಸಿ ಯಾರಿಗೂ ಕಾಯುತ್ತಿರಲಿಲ್ಲ. ಬೆಳ್ಳಿಬಣ್ಣದ ಕಾರು ಬೀದಿಯ ತುದಿಯಲ್ಲಿ ದಕ್ಷಿಣಕ್ಕೆ ತಿರುಗಿ ಮರೆಯಾಯಿತು. ಲಿಯಾಂಡರ್‌ಗೆ ಮೂರೂವರೆ ಗಂಟೆಯ ದಾರಿ. ಹೆದ್ದಾರಿಯಲ್ಲಿ ಎಲ್ಲೋ ಒಂದು ಕಡೆ, ಉತ್ತರಕ್ಕೆ ಬರುತ್ತಿರುವ ದಾನಪ್ಪನ ಎದುರಿನಿಂದಲೇ ಅವನು ಹಾದುಹೋಗಲಿದ್ದ.

“ನಿವೇದಿತಾ, ಈಗಲೇ ಆ ಮನೆ ಬಿಡು. ಕಾರು ಇದೆಯಲ್ಲ?”

“ನನ್ನ ಕಾರ್ ಅಂವಗ ಗುರುತೈತಿ ಅಂತ ಅಣ್ಣ ಅದನ್ನ ಎಲ್ಲೋ ದೂರ ಬಿಟ್ಟು ಬಂದಾನ್ರಿ. ಯಾಕ, ಆಂಟಿ? ಏನಾತು?”

ಇಂದುಮತಿಗೆ ತನ್ನ ಜಾಣತನದ ಒಂದೊಂದು ಮಾತೂ ಕಿವಿಯಲ್ಲಿ ಮೊಳಗಿತು. “ಅವನಿಗೆ ಊರು ಗೊತ್ತಾಯ್ತು. ನಾನೇ ಹೇಳಿಬಿಟ್ಟೆ. ನಾನು ಪೊಲೀಸಿಗೆ ಫೋನ್ ಮಾಡ್ತೀನಿ. ನೀನು ಬಾಗಿಲು ಹಾಕ್ಕೋ, ಪಕ್ಕದ ಮನೆಗೆ ಹೋಗು.”

“ಪಕ್ಕದಾಗ ಇನ್ನೂ ಯಾರೂ ಬಂದಿಲ್ರಿ. ಎಲ್ಲಾ ಖಾಲಿ ಮನಿ.” ಬಾಗಿಲ ಬಳಿಗೆ ಬಂದು ನಿಂತಿದ್ದ ಸುಮಿತ್ರವ್ವನಿಗೂ ಕೇಳುವಂತೆ ನಿವೇದಿತಾ ಕೇಳಿದಳು:

“ಊರು ಅಷ್ಟ ಹೇಳೀರೋ, ಮನಿ ಗುರುತೂ ಹೇಳೀರೋ?”

ಸುಮಿತ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.